ಅಪ್ಪ ಅಮ್ಮನ ಜೊತೆ ಯೂಟಾದ ಕೆಂಪು ಬಂಡೆಗಳ ನಡುವೆ ನಡೆಯುವುದು ಹೇಗೆ?

ಪ್ರಶ್ನೆ: ನಾವು ಅರಿಜೋನಾದ ಫೀನಿಕ್ಸ್‌ನಲ್ಲಿದ್ದೇವೆ. ಶಿವಮೊಗ್ಗದಿಂದ ಅಪ್ಪ (66), ಅಮ್ಮ (61) ಬಂದಿದ್ದಾರೆ. ಜೂನ್ ಮೂರನೇ ವಾರ ಆರು ದಿನ ಕಾರಿನಲ್ಲಿ ಪೇಜ್ ಊರು, ಜಾಯನ್, ಬ್ರೈಸ್, ಕ್ಯಾಪಿಟಲ್ ರೀಫ್, ಆರ್ಚಸ್ ಪಾರ್ಕುಗಳು, ಮಾನ್ಯುಮೆಂಟ್ ವ್ಯಾಲಿ ಸುತ್ತುವ ಯೋಚನೆ ಇದೆ. ಅಪ್ಪ ದಿನಾ ಐದು ಕಿಲೋಮೀಟರ್ ನಡೆಯುತ್ತಾರೆ. ಅಮ್ಮನಿಗೆ ಮಂಡಿ ನೋವು, ಬಿಪಿ ಮಾತ್ರೆಯೂ ಇದೆ. ಮಗನಿಗೆ ಒಂಬತ್ತು ವರ್ಷ. ಕಾರಿನಿಂದ ಇಳಿದು ಫೋಟೋ ತೆಗೆದು ಹತ್ತುವುದು ಬೇಡ, ಬಂಡೆಗಳ ನಡುವೆ ನಿಜವಾಗಿ ನಡೆಯಬೇಕು ಅಂತ ಎಲ್ಲರಿಗೂ ಆಸೆ. ಯಾವ ದಾರಿಗಳು ನಮಗೆ ಸರಿ? ಬಿಸಿಲಿಗೆ, ಹಾವಿಗೆ ಎಷ್ಟು ಹೆದರಬೇಕು?

ಉತ್ತರ: ಮೊದಲು ಜಾಯನ್ ಬಿಟ್ಟುಬಿಡಿ. ಬೇಜಾರಾಗುತ್ತದೆ, ಗೊತ್ತು. ಆದರೆ ನೀವು ಬರೆದಿರುವ ಸುತ್ತು 1,900 ಕಿಲೋಮೀಟರ್ ದಾಟುತ್ತದೆ. ಆರು ದಿನಕ್ಕೆ ಹಂಚಿದರೆ ದಿನಕ್ಕೆ ಮುನ್ನೂರಕ್ಕಿಂತ ಜಾಸ್ತಿ. ಅಮೆರಿಕದ ರಸ್ತೆಗೆ ಇದೇನು ಮಹಾ ಅನ್ನಿಸಬಹುದು. ಆದರೆ ಜೂನ್‌ನಲ್ಲಿ ಈ ಕಡೆ ನಡೆಯಲು ಸಿಗುವುದು ಬೆಳಗಿನ ನಾಲ್ಕು ತಾಸು, ಸಂಜೆಯ ಎರಡು ತಾಸು ಅಷ್ಟೇ. ಆ ಹೊತ್ತನ್ನೂ ಸ್ಟಿಯರಿಂಗ್ ಹಿಂದೆ ಕಳೆದರೆ ನಿಮ್ಮ ಆಸೆ ಕೈತಪ್ಪುತ್ತದೆ. ಜಾಯನ್‌ನಲ್ಲಿ ಎಲ್ಲರೂ ಕೇಳಿರುವ ನಡಿಗೆಗಳು ಎರಡು. ಏಂಜಲ್ಸ್ ಲ್ಯಾಂಡಿಂಗ್‌ನಲ್ಲಿ ಕೊನೆಯ ಭಾಗ ಸರಪಳಿ ಹಿಡಿದು ಹತ್ತಬೇಕು, 2022ರಿಂದ ಅದಕ್ಕೆ ಪರ್ಮಿಟ್ ಕೂಡ ಬೇಕು. ನ್ಯಾರೋಸ್ ಅಂದರೆ ಹೊಳೆಯ ನೀರಿನಲ್ಲೇ ಉರುಳುಗಲ್ಲುಗಳ ಮೇಲೆ ನಡೆಯುವುದು. ಅಮ್ಮನ ಮಂಡಿಗೆ ಎರಡೂ ಆಗುವುದಿಲ್ಲ.

ಸಾಧ್ಯವಾದರೆ ಇನ್ನೊಂದು ದಿನ ರಜೆ ಸೇರಿಸಿ. ಮೊದಲ ರಾತ್ರಿ ಪೇಜ್, ಎರಡನೆಯದು ಬ್ರೈಸ್, ಮೂರನೆಯದು ಕ್ಯಾಪಿಟಲ್ ರೀಫ್ ಪಕ್ಕದ ಟೋರಿ, ಆಮೇಲೆ ಎರಡು ರಾತ್ರಿ ಆರ್ಚಸ್ ಪಕ್ಕದ ಮೋಯಾಬ್, ಕೊನೆಯದು ಮಾನ್ಯುಮೆಂಟ್ ವ್ಯಾಲಿ. ಪ್ರತಿದಿನ ಬೆಳಿಗ್ಗೆ ಒಂದು ಒಳ್ಳೆ ನಡಿಗೆ, ಮಧ್ಯಾಹ್ನ ರಸ್ತೆ ಅಥವಾ ನಿದ್ದೆ, ಸಂಜೆ ಇನ್ನೊಂದು ಚಿಕ್ಕ ಸುತ್ತು. ನಾನು ಭೂವಿಜ್ಞಾನ ಓದಿದವನು. ಹದಿನೆಂಟು ವರ್ಷದಿಂದ ಈ ಭಾಗದಲ್ಲಿ ನಡೆಯುತ್ತಿದ್ದೇನೆ. ಇಷ್ಟು ವರ್ಷದ ಮೇಲೂ ಜೂನ್‌ನಲ್ಲಿ ದಿನಕ್ಕೆ ಎರಡು ನಡಿಗೆಗಿಂತ ಹೆಚ್ಚು ಇಟ್ಟುಕೊಳ್ಳುವುದಿಲ್ಲ.

ನೀವು ಕೇಳದೇ ಇದ್ದರೂ ಬಂಡೆಯ ಬಗ್ಗೆ ಒಂದಿಷ್ಟು ಹೇಳಲೇಬೇಕು. ಅಪ್ಪ ಅಮ್ಮ ಹಂಪಿ, ಬಾದಾಮಿ ನೋಡಿರುತ್ತಾರೆ ಅಲ್ವಾ? ಹಂಪಿಯದು ಗ್ರಾನೈಟ್. ನೆಲದೊಳಗೆ ಕರಗಿದ್ದ ಕಲ್ಲು ತಣ್ಣಗಾಗಿ ಗಟ್ಟಿಯಾದದ್ದು, ಸುಮಾರು 250 ಕೋಟಿ ವರ್ಷದಷ್ಟು ಹಳೆಯದು. ಬಾದಾಮಿಯದು ಮರಳುಗಲ್ಲು, ಆರ್ಚಸ್‌ನದೂ ಮರಳುಗಲ್ಲು. ಎರಡೂ ಕೆಂಪು, ಎರಡಕ್ಕೂ ಬಣ್ಣ ಕೊಟ್ಟದ್ದು ಕಬ್ಬಿಣದ ತುಕ್ಕು. ಆದರೆ ಬಾದಾಮಿಯ ಮರಳಿನ ಕಾಳುಗಳನ್ನು ಹಿಡಿದಿರುವ ಅಂಟು ಸಿಲಿಕಾ. ಅದು ಬಲು ಗಟ್ಟಿ. ಚಾಲುಕ್ಯರು ಅದರಲ್ಲಿ ಗುಹೆ ಕೊರೆದು 1,400 ವರ್ಷವಾದರೂ ನಟರಾಜನ ಬೆರಳುಗಳು ಹಾಗೇ ಇವೆ. ಆರ್ಚಸ್‌ನ ಕಲ್ಲಿನಲ್ಲಿ ಬಹುಪಾಲು ಕಡೆ ಅಂಟು ಸುಣ್ಣ. ಮಳೆನೀರಿನಲ್ಲಿ ಸ್ವಲ್ಪ ಹುಳಿ ಇರುತ್ತದೆ, ಅದು ಸುಣ್ಣವನ್ನು ಮೆಲ್ಲಗೆ ಕರಗಿಸುತ್ತದೆ. ಅಂಟು ಹೋದರೆ ಉಳಿಯುವುದು ಬರೀ ಮರಳು. ಒಣಗಿದ ಬಂಡೆಯ ಮೇಲೆ ಕೈ ಆಡಿಸಿದರೆ ಅಂಗೈಗೆ ಮರಳು ಹತ್ತುತ್ತದೆ. ಮಗನಿಗೆ ಅದನ್ನು ತೋರಿಸಿ.

ಇಷ್ಟೊಂದು ಕಮಾನುಗಳು ಒಂದೇ ಕಡೆ ಯಾಕೆ ಹುಟ್ಟಿದವು ಅನ್ನುವ ಕಥೆ ಇನ್ನೂ ಚೆನ್ನಾಗಿದೆ. ಆರ್ಚಸ್ ಪಾರ್ಕಿನಲ್ಲಿ 2,000ಕ್ಕೂ ಹೆಚ್ಚು ಕಮಾನುಗಳಿವೆ. ಸುಮಾರು 30 ಕೋಟಿ ವರ್ಷದ ಹಿಂದೆ ಇಲ್ಲಿ ಸಮುದ್ರವಿತ್ತು. ಅದು ಮತ್ತೆ ಮತ್ತೆ ಬತ್ತಿ ನೂರಾರು ಮೀಟರ್ ದಪ್ಪದ ಉಪ್ಪು ಉಳಿಯಿತು. ಅದರ ಮೇಲೆ ಮಣ್ಣು, ಮರಳು ಪದರ ಪದರವಾಗಿ ಬಿದ್ದವು. ಭಾರ ಹೆಚ್ಚಾದಾಗ ಉಪ್ಪು ಕಲ್ಲಿನ ಹಾಗೆ ಸುಮ್ಮನಿರುವುದಿಲ್ಲ, ಹರಿಯುತ್ತದೆ. ರಾಗಿಮುದ್ದೆಯ ಮೇಲೆ ಅಂಗೈ ಒತ್ತಿದರೆ ಬೆರಳ ಸಂದಿಯಿಂದ ಮೇಲೆ ಉಬ್ಬುತ್ತದಲ್ಲ, ಹಾಗೆ. ಉಪ್ಪು ಉಬ್ಬಿದ ಕಡೆ ಮೇಲಿನ ಮರಳುಗಲ್ಲು ಉದ್ದುದ್ದ ಸಾಲಾಗಿ ಬಿರಿಯಿತು. ಬಿರುಕಿಗೆ ನೀರು ಇಳಿಯಿತು. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿದರೆ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ, ಬೆಣೆ ಹೊಡೆದ ಹಾಗೆ ಬಿರುಕನ್ನು ಅಗಲ ಮಾಡುತ್ತದೆ. ಹೀಗೆ ಬಂಡೆ ತೆಳ್ಳನೆಯ ಗೋಡೆಗಳಾಯಿತು. ಗೋಡೆಯ ಮೆತ್ತಗಿನ ಭಾಗ ಉದುರಿ ಕಿಂಡಿಯಾಯಿತು. ಕಿಂಡಿ ದೊಡ್ಡದಾದರೆ ಕಮಾನು.

ಅದು ಮುಂದೆ ಬೀಳಲೂ ಬೇಕು. ಲ್ಯಾಂಡ್‌ಸ್ಕೇಪ್ ಆರ್ಚ್ ಅನ್ನುವ 93 ಮೀಟರ್ ಉದ್ದದ ಕಮಾನಿನಿಂದ 1991ರಲ್ಲಿ ಹದಿನೆಂಟು ಮೀಟರ್ ಉದ್ದದ ಚಪ್ಪಡಿ ಕಳಚಿ ಬಿತ್ತು. ಕೆಳಗೆ ಕೂತಿದ್ದವರು ಬಿರುಕಿನ ಸದ್ದು ಕೇಳಿ ಓಡಿ ಉಳಿದುಕೊಂಡರು. ಅವತ್ತಿನಿಂದ ಅದರ ಅಡಿಗೆ ಹೋಗುವ ದಾರಿ ಮುಚ್ಚಿದೆ. ಅದೇ ದಾರಿಯಲ್ಲಿದ್ದ ವಾಲ್ ಆರ್ಚ್ 2008ರ ಆಗಸ್ಟ್ 4ರ ರಾತ್ರಿ ಪೂರ್ತಿ ಕುಸಿಯಿತು. ಅದಕ್ಕೇ ಹೇಳುವುದು, ಬೇಲಿ ಹಾಕಿದ್ದರೆ ದಾಟಬೇಡಿ. ಕಮಾನಿನ ಮೇಲೆ ಹತ್ತುವುದಂತೂ ಬೇಡವೇ ಬೇಡ. ಮಳೆ ಬಂದ ಮೇಲೆ ಈ ಕಲ್ಲು ಒಳಗೂ ಒದ್ದೆಯಾಗಿ ಬಲ ಕಳೆದುಕೊಳ್ಳುತ್ತದೆ. ಇಲ್ಲಿನ ಕ್ಲೈಂಬರ್‌ಗಳು ಮಳೆಯಾದ ಒಂದೆರಡು ದಿನ ಬಂಡೆ ಮುಟ್ಟುವುದಿಲ್ಲ. ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ.

ಈಗ ನಡಿಗೆಗೆ ಬರೋಣ.

ಪೇಜ್‌ನಲ್ಲಿ ಸಂಜೆ ಹಾರ್ಸ್‌ಶೂ ಬೆಂಡ್‌ಗೆ ಹೋಗಿ. ಹೋಗಿ ಬರಲು ಸುಮಾರು ಎರಡೂವರೆ ಕಿಲೋಮೀಟರ್, ದಾರಿ ಗಟ್ಟಿಯಾಗಿದೆ. ನೆರಳಿಲ್ಲ, ಆದ್ದರಿಂದ ಬಿಸಿಲು ಇಳಿದ ಮೇಲೆ ಹೊರಡಿ. ಕೊಲರಾಡೋ ನದಿ ಸುಮಾರು 300 ಮೀಟರ್ ಕೆಳಗೆ ಕುದುರೆ ಲಾಳದ ಹಾಗೆ ತಿರುಗುತ್ತದೆ. ಕಟಕಟೆ ಇರುವುದು ಒಂದು ಭಾಗದಲ್ಲಿ ಮಾತ್ರ. ಮಗನನ್ನು ಅಲ್ಲೇ ನಿಲ್ಲಿಸಿ.

ಬ್ರೈಸ್ ಬಗ್ಗೆ ಎರಡು ಮಾತು ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಕುಟುಂಬಕ್ಕೆ ಅತಿ ಹೆಚ್ಚು ಹಿಡಿಸುವ ಜಾಗ ಅದೇ ಅಂತ ನನ್ನ ನಂಬಿಕೆ. ಕಣಿವೆಯ ಅಂಚಿನ ಎತ್ತರ 2,400ರಿಂದ 2,700 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಸುಮಾರು 500 ಮೀಟರ್ ಮೇಲೆ. ಹಾಗಾಗಿ ಜೂನ್‌ನಲ್ಲೂ ಹಗಲು ಹಿತವಾಗಿರುತ್ತದೆ. ರಾತ್ರಿ 5 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ, ಸ್ವೆಟರ್ ಮರೆಯಬೇಡಿ. ಇಲ್ಲಿನ ಕಲ್ಲಿನ ಕಂಬಗಳಿಗೆ ಹೂಡೂ ಅನ್ನುತ್ತಾರೆ. ಇದು ಸುಮಾರು 5 ಕೋಟಿ ವರ್ಷದ ಹಿಂದೆ ಕೆರೆ, ಹೊಳೆಗಳ ತಳದಲ್ಲಿ ಕೂಡಿದ ಸುಣ್ಣದ ಕಲ್ಲು. ವರ್ಷದಲ್ಲಿ ಸುಮಾರು 180 ದಿನ ಇಲ್ಲಿ ನೀರು ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುತ್ತದೆ. ಆ ಬೆಣೆಯ ಏಟಿಗೆ ಗುಡ್ಡ ಸೀಳಿ ಸಾವಿರಾರು ಕಂಬಗಳಾಗಿವೆ. ಈ ನೆಲದ ಪೈಯೂಟ್ ಜನ ಹೇಳುವ ಕಥೆ ಬೇರೆ. ಹಿಂದೆ ಇಲ್ಲಿದ್ದವರು ಕೆಟ್ಟದಾಗಿ ನಡೆದುಕೊಂಡರು, ತೋಳದ ಜಾತಿಯ ಮಾಯಾವಿ ಕಯೋಟಿ ಅವರನ್ನೆಲ್ಲ ನಿಂತಲ್ಲೇ ಕಲ್ಲು ಮಾಡಿದ ಅಂತ. ಅಹಲ್ಯೆಯ ಕಥೆ ಕೇಳಿ ಬೆಳೆದ ಅಮ್ಮನಿಗೆ ಇದನ್ನು ಹೇಳಿ, ಆಮೇಲೆ ಆ ಮುಖಗಳನ್ನು ನೋಡಲು ಬಿಡಿ.

ಅಮ್ಮ ಸನ್‌ಸೆಟ್ ಪಾಯಿಂಟ್‌ನಿಂದ ಸನ್‌ರೈಸ್ ಪಾಯಿಂಟ್‌ವರೆಗೆ ಅಂಚಿನಲ್ಲೇ ನಡೆಯಬಹುದು. ಡಾಂಬರು ಹಾಕಿದ ದಾರಿ, ಒಂದು ಕಿಲೋಮೀಟರ್‌ಗೂ ಕಮ್ಮಿ. ಅಪ್ಪ, ಮಗ ಮತ್ತು ನಿಮ್ಮಲ್ಲೊಬ್ಬರು ಕ್ವೀನ್ಸ್ ಗಾರ್ಡನ್ ಕಡೆಯಿಂದ ಇಳಿದು ನವಾಹೊ ಲೂಪ್ ಕಡೆಯಿಂದ ಹತ್ತಿ ಬನ್ನಿ. ಸುಮಾರು ನಾಲ್ಕೂವರೆ ಕಿಲೋಮೀಟರ್, ಹತ್ತುವುದು 180 ಮೀಟರ್‌ನಷ್ಟು. ಒಂದು ವಿಷಯ ನೆನಪಿರಲಿ. ನಮ್ಮ ಬೆಟ್ಟಗಳಲ್ಲಿ ಮೈ ಹಗುರವಿದ್ದಾಗ ಹತ್ತುತ್ತೇವೆ, ದಣಿದಾಗ ಇಳಿಯುತ್ತೇವೆ. ಇಲ್ಲಿ ಎಲ್ಲ ತಲೆಕೆಳಗು. ಇಳಿಯುವಾಗ ಖುಷಿ, ದಣಿದ ಮೇಲೆ ಬಿಸಿಲಲ್ಲಿ ಹತ್ತಬೇಕು. ಗಾಳಿಯೂ ತೆಳ್ಳಗಿರುವುದರಿಂದ ಅಪ್ಪನಿಗೆ ಏದುಸಿರು ಬರಬಹುದು. ದಿನಾ ಐದು ಕಿಲೋಮೀಟರ್ ನಡೆಯುವ ಅಭ್ಯಾಸವನ್ನು ಇಲ್ಲಿ ಮೂರು ಅಂತ ಲೆಕ್ಕ ಹಾಕಿ. ಪ್ರತಿ ತಿರುವಿನಲ್ಲೂ ನಿಲ್ಲಲಿ.

ಬ್ರೈಸ್‌ನಿಂದ ಟೋರಿಗೆ 12ನೇ ಹೆದ್ದಾರಿ. ಈ ಪ್ರವಾಸದ ಅತಿ ಚೆಂದದ ರಸ್ತೆ. ನಡುವೆ ಹಾಗ್‌ಬ್ಯಾಕ್ ಅನ್ನುವ ಕಡೆ ರಸ್ತೆ ಗುಡ್ಡದ ನೆತ್ತಿಯ ಮೇಲೆ ಹೋಗುತ್ತದೆ. ಆಗುಂಬೆ ಘಾಟಿ ಇಳಿದವರಿಗೆ ತಿರುವುಗಳು ಹೊಸದಲ್ಲ, ಆದರೆ ಇಲ್ಲಿ ಎರಡೂ ಬದಿಗೆ ಇಳಿಜಾರು, ತಡೆಗೋಡೆ ಇಲ್ಲ. ಬೆಳಕಿರುವಾಗಲೇ ದಾಟಿ. ಆಮೇಲೆ ಬೌಲ್ಡರ್ ಮೌಂಟನ್ ಮೇಲೆ 2,900 ಮೀಟರ್‌ವರೆಗೆ ಹತ್ತುತ್ತೀರಿ. ಮುಸ್ಸಂಜೆ ಜಿಂಕೆ, ಹಸುಗಳು ಅಡ್ಡ ಬರುತ್ತವೆ.

ಕ್ಯಾಪಿಟಲ್ ರೀಫ್‌ನಲ್ಲಿ ಅಮ್ಮನಿಗೆ ಎರಡು ಜಾಗ. 24ನೇ ಹೆದ್ದಾರಿಯ ಪಕ್ಕ ಹಲಗೆ ದಾರಿಯಿಂದಲೇ, ಹಿಂದೆ ಇಲ್ಲಿದ್ದ ಫ್ರೀಮಾಂಟ್ ಜನ ಕೆತ್ತಿದ ಚಿತ್ರಗಳು ಕಾಣುತ್ತವೆ. ಬಂಡೆಯ ಮೇಲೆ ಕಾಲಾಂತರದಲ್ಲಿ ಕೂರುವ ಕಪ್ಪು ಪದರವನ್ನು ಕೆರೆದು ಮಾಡಿದವು. ಕೈ ಮುಟ್ಟಬಾರದು, ಚರ್ಮದ ಎಣ್ಣೆಯಿಂದ ಅವು ಹಾಳಾಗುತ್ತವೆ. ಇನ್ನೊಂದು ಫ್ರೂಟಾದ ಹಣ್ಣಿನ ತೋಟ. ಮಾರ್ಮನ್ ಪಂಥದ ಕುಟುಂಬಗಳು ಹಳ್ಳದ ನೀರು ತಿರುಗಿಸಿ ಬೆಳೆಸಿದ ತೋಟವನ್ನು ಪಾರ್ಕ್ ಇಂದಿಗೂ ನೋಡಿಕೊಳ್ಳುತ್ತಿದೆ. ಹಣ್ಣಿನ ಕಾಲವಾದರೆ ಕಿತ್ತು, ತೂಗಿ, ದುಡ್ಡು ಹಾಕಿ ತರಬಹುದು. ಉಳಿದವರು ಹಿಕ್‌ಮನ್ ಬ್ರಿಡ್ಜ್‌ಗೆ ಹೋಗಿ ಬನ್ನಿ, ಮೂರು ಕಿಲೋಮೀಟರ್‌ನಷ್ಟು. ಮುಗಿಲು ಶುಭ್ರವಾಗಿದ್ದರೆ ಎಲ್ಲರೂ ಒಟ್ಟಿಗೆ ಗ್ರ್ಯಾಂಡ್ ವಾಷ್‌ನ ಒಳಗೆ ಸ್ವಲ್ಪ ದೂರ ನಡೆಯಿರಿ. ಒಣಗಿದ ಹಳ್ಳದ ತಳ, ಮಟ್ಟಸವಾಗಿದೆ. ಎರಡೂ ಕಡೆ ಗೋಡೆ ಏಳುತ್ತಾ ಹೋಗುತ್ತದೆ.

ಮಾರನೆಯ ಬೆಳಿಗ್ಗೆ ಟೋರಿಯಿಂದ ಆರಕ್ಕೆ ಮೊದಲೇ ಹೊರಟು ಗಾಬ್ಲಿನ್ ವ್ಯಾಲಿಗೆ ಬನ್ನಿ. ಒಂದೂವರೆ ತಾಸಿನ ದಾರಿ. ಇದು ಮಗನ ದಿನ. ಬೇರೆ ಕಡೆ ಗುರುತು ಹಾಕಿದ ದಾರಿ ಬಿಡಬಾರದು. ಇಲ್ಲಿ ಕಣಿವೆಗಿಳಿದು ಅಣಬೆಯಂಥ ಸಾವಿರಾರು ಬಂಡೆಗಳ ನಡುವೆ ಎಲ್ಲಿ ಬೇಕಾದರೂ ಅಡ್ಡಾಡಬಹುದು. ಮೇಲಿನ ಪದರ ಗಟ್ಟಿ, ಕೆಳಗಿನದು ಮೆತ್ತಗೆ. ಕೆಳಗಿನದು ಬೇಗ ಸವೆದು ಕುತ್ತಿಗೆಯಾಗುತ್ತದೆ, ಮೇಲಿನದು ತಲೆಯಾಗಿ ಉಳಿಯುತ್ತದೆ. ಆ ಕುತ್ತಿಗೆ ಎಷ್ಟು ಸಪೂರ ಅನ್ನುವುದಕ್ಕೆ ಒಂದು ನೋವಿನ ಉದಾಹರಣೆ ಇದೆ. 2013ರ ಅಕ್ಟೋಬರ್‌ನಲ್ಲಿ ಸ್ಕೌಟ್ ಮಕ್ಕಳನ್ನು ಕರೆದುಕೊಂಡು ಬಂದಿದ್ದ ದೊಡ್ಡವರೇ ಒಂದು ಬಂಡೆಯನ್ನು ತಳ್ಳಿ ಉರುಳಿಸಿ, ನಕ್ಕು, ವಿಡಿಯೊ ಮಾಡಿದರು. ವಿಷಯ ಕೋರ್ಟಿಗೆ ಹೋಯಿತು. ಆದರೆ ಬಂಡೆ ತಿರುಗಿ ನಿಲ್ಲಲಿಲ್ಲ. ಕಣಿವೆಯಲ್ಲಿ ಒಂದು ಮರವೂ ಇಲ್ಲ. ಹತ್ತು ಗಂಟೆಯೊಳಗೆ ಕಾರಿಗೆ ವಾಪಸ್ ಬನ್ನಿ. ದಾರಿಯಲ್ಲಿ ಹ್ಯಾಂಕ್ಸ್‌ವಿಲ್ ಅನ್ನುವ ಚಿಕ್ಕ ಊರು ಬಿಟ್ಟರೆ ಪೆಟ್ರೋಲ್ ಇಲ್ಲ. ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಹೋಗಲು ಬಿಡಬೇಡಿ.

ಮೋಯಾಬ್‌ನಲ್ಲಿ ಜೂನ್ ಮೂರನೇ ವಾರ ಸೂರ್ಯ ಆರಕ್ಕೆ ಸ್ವಲ್ಪ ಮೊದಲು ಹುಟ್ಟುತ್ತಾನೆ, ಮುಳುಗುವುದು ರಾತ್ರಿ ಎಂಟೂಮುಕ್ಕಾಲಿಗೆ. ನಡುವೆ ತಾಪ 38 ಡಿಗ್ರಿ ಮುಟ್ಟುವುದು ಮಾಮೂಲು. ಡೆಲಿಕೇಟ್ ಆರ್ಚ್‌ಗೆ ಹೋಗಿ ಬರಲು ಸುಮಾರು ಐದು ಕಿಲೋಮೀಟರ್, 150 ಮೀಟರ್‌ಗೂ ಹೆಚ್ಚು ಏರು. ಸಂಖ್ಯೆ ನೋಡಿದರೆ ಚಾಮುಂಡಿ ಬೆಟ್ಟಕ್ಕಿಂತ ಸುಲಭ. ಆದರೆ ಬಹುಪಾಲು ದಾರಿ ಬೋಳು ಬಂಡೆಯ ಮೇಲೆ, ಮರದ ನೆರಳೇ ಇಲ್ಲ. ಬಂಡೆ ಮೇಲಿನಿಂದ ಬಂದ ಬಿಸಿಲನ್ನು ಕೆಳಗಿನಿಂದಲೂ ವಾಪಸ್ ಕೊಡುತ್ತದೆ.

ಒಂಬತ್ತು ವರ್ಷದ ಹಿಂದೆ ನನ್ನ ಚಿಕ್ಕಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಹಾವೇರಿ ಕಡೆ ಹೊಲದಲ್ಲಿ ಬದುಕು ಕಳೆದವರು. ತಿಂಡಿ ಮುಗಿಸಿ ಹೊರಟಾಗ ಹತ್ತೂವರೆ. ಮೂವರಿಗೆ ಮೂರು ಬಾಟಲಿ ನೀರು. "ನಮ್ಮ ಬಿಸಿಲು ಇದಕ್ಕಿಂತ ಏನು ಕಮ್ಮಿ, ನೋಡು, ನನಗೆ ಬೆವರೇ ಬಂದಿಲ್ಲ" ಅಂದರು. ಬೆವರು ಬಂದಿತ್ತು. ಇಲ್ಲಿನ ಗಾಳಿ ಎಷ್ಟು ಒಣ ಅಂದರೆ ಬೆವರು ಹನಿ ಕಟ್ಟುವ ಮೊದಲೇ ಆರಿಹೋಗುತ್ತದೆ. ಅಂಗಿಯ ಬೆನ್ನಿನ ಮೇಲೆ ಉಪ್ಪಿನ ಬಿಳಿ ಗೆರೆ ನೋಡಿದಾಗ ನನಗೆ ಗೊತ್ತಾಗಬೇಕಿತ್ತು. ಕಮಾನು ಕಾಣುವ ಮೊದಲೇ ಅವರು ಕೂತುಬಿಟ್ಟರು. ಮನೆಯಲ್ಲಿ ಎತ್ತಿಗೆ ನೀರು ಕುಡಿಸಿದಿರಾ ಅಂತ ಕೇಳಿದರು. ಆ ಮಾತು ಕೇಳಿ ನನ್ನ ಎದೆ ಧಸಕ್ಕೆಂದಿತು. ಅಂಗಿ ಒದ್ದೆ ಮಾಡಿ, ಬಂಡೆಯ ಮಗ್ಗುಲ ಒಂದಡಿ ನೆರಳಿನಲ್ಲಿ ಒರಗಿಸಿ, ಇಳಿದು ಬರುತ್ತಿದ್ದವರು ಕೊಟ್ಟ ನೀರಿನಿಂದ ತಣ್ಣಗೆ ಮಾಡಿದೆವು. ಅವರು ಸುಧಾರಿಸಿಕೊಂಡರು. ತಪ್ಪು ಪೂರ್ತಿ ನನ್ನದು. ಅವರಿಗೆ ಗೊತ್ತಿಲ್ಲದ ನೆಲ, ನನಗೆ ಗೊತ್ತಿತ್ತು.

ಅದಕ್ಕೇ ನೀರಿನ ಮಾತನ್ನು ಬಿಡಿಸಿ ಹೇಳುತ್ತೇನೆ. ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್. ಐವರಿಗೆ ಇಪ್ಪತ್ತು. ಅಷ್ಟು ನೀರಿನ ಕ್ಯಾನ್ ಕಾರಿನಲ್ಲಿ ಯಾವಾಗಲೂ ತುಂಬಿರಲಿ, ಕಾರು ಕೆಟ್ಟು ನಿಂತರೂ ಅದು ಬೇಕು. ನಡೆಯುವಾಗ ತಾಸಿಗೆ ಅರ್ಧದಿಂದ ಒಂದು ಲೀಟರ್. ಬಾಯಾರಿಕೆಗೆ ಕಾಯದೆ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಎರಡು ಗುಟುಕು ಕುಡಿಯಿರಿ. ನೀರನ್ನು ಮೂರು ಪಾಲು ಅಂದುಕೊಳ್ಳಿ. ಒಂದು ಪಾಲು ಹೋಗಲು, ಒಂದು ಬರಲು, ಒಂದು ಆಪತ್ತಿಗೆ. ಮೊದಲ ಪಾಲು ಮುಗಿದ ಕೂಡಲೇ, ಕಮಾನು ಐದು ನಿಮಿಷ ದೂರವಿದ್ದರೂ ತಿರುಗಿ. ವಾಪಸ್ ಬರುವ ಹೊತ್ತಿಗೆ ಬಿಸಿಲು ಏರಿರುತ್ತದೆ, ನೀರು ಹೆಚ್ಚು ಬೇಕಾಗುತ್ತದೆ.

ಬರೀ ನೀರು ಕುಡಿದರೂ ಸಾಲದು, ಉಪ್ಪೂ ಬೇಕು. ಉಪ್ಪು ಕಳೆದುಕೊಂಡ ಮೈಗೆ ನೀರನ್ನಷ್ಟೇ ಸುರಿದರೆ ತಲೆಸುತ್ತು, ವಾಂತಿ, ಇನ್ನೂ ದೊಡ್ಡ ಅಪಾಯವೂ ಆಗಬಹುದು. ನಮ್ಮ ತಿಂಡಿಗಳು ಇದಕ್ಕೆ ಹೇಳಿ ಮಾಡಿಸಿದವು. ಚಕ್ಕುಲಿ, ಗೊಜ್ಜವಲಕ್ಕಿ, ಪುಳಿಯೋಗರೆ, ಹುರಿದ ಶೇಂಗಾ. ಐಸ್ ಪೆಟ್ಟಿಗೆ ಇದ್ದರೆ ನೀರು ಮಜ್ಜಿಗೆಗೆ ಸಮ ಯಾವುದೂ ಇಲ್ಲ. ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕಲಸಿ ಒಂದು ಬಾಟಲಿ ಬೇರೆ ಇಟ್ಟುಕೊಳ್ಳಿ. ಆರ್ಚಸ್ ಒಳಗೆ ತಿನ್ನಲು ಕೊಳ್ಳುವಂಥದ್ದು ಏನೂ ಸಿಗುವುದಿಲ್ಲ, ಬುತ್ತಿ ಕಟ್ಟಿಕೊಂಡೇ ಹೋಗಬೇಕು. ಅಮ್ಮನ ಬಿಪಿ ಮಾತ್ರೆಯ ವಿಷಯ ಹೊರಡುವ ಮೊದಲೇ ಡಾಕ್ಟರ್ ಹತ್ತಿರ ಕೇಳಿ. ಕೆಲವು ಮಾತ್ರೆಗಳು ಮೂತ್ರ ಹೆಚ್ಚಿಸಿ ಮೈಯ ನೀರು ಇಳಿಸುತ್ತವೆ. ಉಪ್ಪು ಎಷ್ಟು ತಗೋಬಹುದು ಅಂತಲೂ ಅವರೇ ಹೇಳಬೇಕು. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ತಲೆನೋವು, ಸುಸ್ತು, ಕಾಲು ಸೆಳೆತ ಬಂದರೆ ಕೂತು, ತಂಪಾಗಿ, ವಾಪಸ್ ಹೊರಡಿ. ಮಾತು ತೊದಲಿದರೆ, ಸಂಬಂಧವಿಲ್ಲದ್ದು ಆಡಿದರೆ, ನಡೆಯುವಾಗ ತೂರಾಡಿದರೆ ಅದು ಜೀವದ ಮಾತು. ತಕ್ಷಣ ಮೈಗೆ ನೀರು ಸುರಿದು ಗಾಳಿ ಹಾಕಿ, 911ಕ್ಕೆ ಕರೆ ಮಾಡಿ. ಸಿಗ್ನಲ್ ಬಹಳ ಕಡೆ ಇರುವುದಿಲ್ಲ. ಹೊಸ ಫೋನ್‌ಗಳಲ್ಲಿ ಉಪಗ್ರಹದ ಮೂಲಕ ಸಂದೇಶ ಕಳಿಸುವ ಸೌಲಭ್ಯವಿದೆ, ಮನೆಯಲ್ಲೇ ಕಲಿತುಕೊಳ್ಳಿ. ಮ್ಯಾಪ್ ಮೊದಲೇ ಇಳಿಸಿಕೊಳ್ಳಿ. ಫೋನ್ ಇದೆ ಅಂತ ಧೈರ್ಯ ಮಾಡುವುದೂ ಬೇಡ. 2024ರ ಜುಲೈ 12ರಂದು ಪಕ್ಕದ ಕ್ಯಾನಿಯನ್‌ಲ್ಯಾಂಡ್ಸ್ ಪಾರ್ಕಿನಲ್ಲಿ ತಂದೆ ಮಗಳಿಬ್ಬರು ದಾರಿ ತಪ್ಪಿ, ನೀರು ಮುಗಿದು, 911ಕ್ಕೆ ಸಂದೇಶ ಕಳಿಸಿದರು. ಹುಡುಕುವವರು ತಲುಪುವಷ್ಟರಲ್ಲಿ ಇಬ್ಬರೂ ತೀರಿಕೊಂಡಿದ್ದರು.

ಇಷ್ಟು ಹೇಳಿದ ಮೇಲೂ ಡೆಲಿಕೇಟ್ ಆರ್ಚ್‌ಗೆ ಅಪ್ಪನನ್ನು ಕರೆದುಕೊಂಡು ಹೋಗಿ ಅಂತಲೇ ಹೇಳುತ್ತೇನೆ. ಬೆಳಿಗ್ಗೆ ಐದೂವರೆಗೆ ನಡೆಯಲು ಶುರು ಮಾಡಿ. ಆಗ ಬಂಡೆ ತಣ್ಣಗಿರುತ್ತದೆ, ಜನ ಕಮ್ಮಿ. ಶುರುವಿನಲ್ಲೇ ಹಳೆಯ ಮರದ ಗುಡಿಸಲು, ಅದರ ಆಚೆ ಮೂಲನಿವಾಸಿ ಯೂಟ್ ಜನ ಕೆತ್ತಿದ ಕುದುರೆ ಸವಾರರು. ಕೊನೆಯ ಇನ್ನೂರು ಮೀಟರ್ ಬಂಡೆಗೋಡೆಯ ಅಂಚಿನಲ್ಲಿ, ಮಗನನ್ನು ಒಳಬದಿಗೆ ನಡೆಸಿ. ತಿರುವು ದಾಟಿದ ಕೂಡಲೇ ಕಮಾನು ಒಮ್ಮೆಲೇ ಎದುರಿಗೆ ನಿಲ್ಲುತ್ತದೆ. ಅಷ್ಟು ಹೊತ್ತು ಅದರ ಸುಳಿವೂ ಇರುವುದಿಲ್ಲ. ಎಷ್ಟು ಸಲ ಹೋದರೂ ನನಗೆ ಆ ಹೆಜ್ಜೆಯಲ್ಲಿ ಉಸಿರು ನಿಲ್ಲುತ್ತದೆ. ಅಮ್ಮ ಆ ಹೊತ್ತಿಗೆ ಹೋಟೆಲಿನಲ್ಲಿ ಮಲಗಿರಲಿ. ಸಂಜೆ ಅವರನ್ನು ಕಾರಿನಿಂದ ನೂರು ಹೆಜ್ಜೆ ದೂರದ ಕೆಳಗಿನ ವೀಕ್ಷಣಾ ಜಾಗಕ್ಕೆ ಕರೆದೊಯ್ದು ಅದೇ ಕಮಾನನ್ನು ದೂರದಿಂದ ತೋರಿಸಿ. ಆಮೇಲೆ ಡಬಲ್ ಆರ್ಚ್‌ಗೆ ಬನ್ನಿ. ಒಂದು ಕಿಲೋಮೀಟರ್ ಒಳಗೆ, ಹೆಚ್ಚು ಕಡಿಮೆ ಮಟ್ಟಸ. ಸ್ಯಾಂಡ್ ಡ್ಯೂನ್ ಆರ್ಚ್ ಎರಡು ಗೋಡೆಗಳ ಸಂದಿಯಲ್ಲಿದೆ. ನೆರಳು, ಮೆತ್ತಗಿನ ಮರಳು, ಮಗ ಅಲ್ಲಿಂದ ಏಳುವುದೇ ಇಲ್ಲ.

ಬಂಡೆಯ ಮೇಲೆ ನಡೆಯುವ ರೀತಿಯೂ ಸ್ವಲ್ಪ ಬೇರೆ. ಇದಕ್ಕೆ ಸ್ಲಿಕ್‌ರಾಕ್ ಅನ್ನುತ್ತಾರೆ. ಹೆಸರು ಬಂದದ್ದು ಲಾಳ ಕಟ್ಟಿದ ಕುದುರೆಗಳು ಜಾರುತ್ತಿದ್ದರಿಂದ. ರಬ್ಬರ್ ಅಡಿಯ ಶೂಗೆ ಒಣಬಂಡೆ ಚೆನ್ನಾಗಿ ಹಿಡಿಯುತ್ತದೆ. ಪಾದ ಪೂರ್ತಿ ಊರಿ, ಚಿಕ್ಕ ಹೆಜ್ಜೆ ಇಡಿ. ಜಾರುವುದು ಬಂಡೆಯ ಮೇಲೆ ಚೆಲ್ಲಿದ ಮರಳಿನಿಂದ. ಹತ್ತಿದ್ದು ಇಳಿಯಲು ಆಗದೆ ಸಿಕ್ಕಿಕೊಳ್ಳುವವರು ಬಹಳ. ಮಗ ಓಡಿ ಹತ್ತುವ ಮೊದಲು "ಇಳಿದು ತೋರಿಸು" ಅನ್ನಿ. ಚಪ್ಪಲಿ ಬೇಡ. ಅಮ್ಮನಿಗೆ ಊರುಗೋಲು ಕೊಡಿ, ಛತ್ರಿಯನ್ನೂ ತನ್ನಿ. ಗಾಳಿ ಇಲ್ಲದಾಗ ಛತ್ರಿಯಷ್ಟು ಒಳ್ಳೆಯ ನೆರಳು ಮರುಭೂಮಿಯಲ್ಲಿ ಬೇರೆ ಇಲ್ಲ.

ದಾರಿಯ ಗುರುತಿಗೆ ಅಲ್ಲಲ್ಲಿ ಕಲ್ಲಿನ ಮೇಲೆ ಕಲ್ಲು ಪೇರಿಸಿರುತ್ತಾರೆ. ಒಂದರಿಂದ ಇನ್ನೊಂದನ್ನು ನೋಡಿಕೊಂಡು ನಡೆಯಬೇಕು. ಹಂಪಿಯ ಮಾಲ್ಯವಂತ ಬೆಟ್ಟದಲ್ಲಿ, ಮೇಲುಕೋಟೆಯಲ್ಲಿ ಮನೆ ಕಟ್ಟುವ ಹರಕೆಗೆ ಕಲ್ಲು ಪೇರಿಸುತ್ತಾರಲ್ಲ, ಅಮ್ಮನಿಗೆ ಅದೇ ನೆನಪಾಗಿ ಒಂದು ಪೇರಿಸುವ ಮನಸ್ಸಾಗಬಹುದು. ದಯವಿಟ್ಟು ತಡೆಯಿರಿ. ಇಲ್ಲಿ ಒಂದು ಹೆಚ್ಚಿನ ಗುಡ್ಡೆ ಅಂದರೆ ಮುಂದೆ ಬರುವವರಿಗೆ ತಪ್ಪು ದಾರಿ.

ಇನ್ನೊಂದು ಕಾಳಜಿ ನೆಲದ ಬಗ್ಗೆ. ಮರಳಿನ ಮೇಲೆ ಕಪ್ಪಗೆ, ಉಬ್ಬುತಗ್ಗಾಗಿ, ಸುಟ್ಟ ರೊಟ್ಟಿಯ ಹಾಗೆ ಒಂದು ಪದರ ಕಾಣುತ್ತದೆ. ಅದು ಜೀವಂತ. ಕಣ್ಣಿಗೆ ಕಾಣದ ಸಯನೋಬ್ಯಾಕ್ಟೀರಿಯಾ, ಕಲ್ಲುಹೂವು, ಪಾಚಿ ಸೇರಿ ನೂಲಿನಂತೆ ಮರಳನ್ನು ಹೆಣೆದಿರುತ್ತವೆ. ಮರಳು ಹಾರದಂತೆ ತಡೆಯುವುದು, ಬಿದ್ದ ಮಳೆ ಹಿಡಿಯುವುದು, ಗಿಡಗಳಿಗೆ ಸಾರಜನಕ ಕೊಡುವುದು ಎಲ್ಲ ಅದೇ. ಒಂದು ಹೆಜ್ಜೆಗೆ ಪುಡಿಯಾಗುತ್ತದೆ, ಸರಿಹೋಗಲು ಹತ್ತಾರು ವರ್ಷ ಬೇಕು. ಫೋಟೋಗೆ ಅಂತ ದಾರಿ ಬಿಟ್ಟು ನಾಲ್ಕು ಹೆಜ್ಜೆ ಹೋಗುವುದು ಸಣ್ಣ ವಿಷಯ ಅನ್ನಿಸುತ್ತದೆ. ಆ ನಾಲ್ಕು ಹೆಜ್ಜೆ ನಿಮ್ಮ ಮಗ ದೊಡ್ಡವನಾಗಿ ಬಂದಾಗಲೂ ಅಲ್ಲೇ ಇರಬಹುದು. ಬಂಡೆ, ಒಣಹಳ್ಳ, ದಾರಿ ಈ ಮೂರರ ಮೇಲೆ ಮಾತ್ರ ಕಾಲಿಡಿ.

ಒಣಹಳ್ಳ ಅಂದೆ. ಅದಕ್ಕೂ ಒಂದು ಎಚ್ಚರ ಬೇಕು. ಇಲ್ಲಿ ಮಳೆಗಾಲ ಜುಲೈಯಿಂದ ಸೆಪ್ಟೆಂಬರ್. ನೀವು ಬರುವುದು ಅದಕ್ಕೆ ಮೊದಲು, ಆದರೂ ಬಿಡಿ ಗುಡುಗು ಮಳೆ ಯಾವಾಗ ಬೇಕಾದರೂ ಬರಬಹುದು. ಬೋಳು ಬಂಡೆ ನೀರು ಕುಡಿಯುವುದಿಲ್ಲ. ಹತ್ತಾರು ಕಿಲೋಮೀಟರ್ ಆಚೆ ಬಿದ್ದ ಮಳೆಯೆಲ್ಲ ಒಂದೇ ಸೀಳಿಗೆ ನುಗ್ಗುತ್ತದೆ. 1997ರ ಆಗಸ್ಟ್ 12ರಂದು ಪೇಜ್ ಪಕ್ಕದ ಲೋವರ್ ಆಂಟಿಲೋಪ್ ಕ್ಯಾನಿಯನ್ ಅನ್ನುವ ಇಕ್ಕಟ್ಟಿನ ಬಂಡೆಸೀಳಿನಲ್ಲಿ ಹೀಗೇ ದೂರದ ಮಳೆಯ ನೀರು ಬಂದು ಹನ್ನೊಂದು ಜನ ಸತ್ತರು. ಈಗ ಅಲ್ಲಿಗೆ ಈ ನೆಲದ ಮೂಲನಿವಾಸಿಗಳಾದ ನವಾಹೊ ಜನರ ಗೈಡ್ ಜೊತೆಗೇ ಹೋಗಬೇಕು, ಮುಗಿಲು ನೋಡಿ ಅವರೇ ನಿಲ್ಲಿಸುತ್ತಾರೆ. ಹೋಗಲೇಬೇಕು ಅಂದರೆ ಅಪ್ಪರ್ ಆಂಟಿಲೋಪ್ ಆರಿಸಿ. ಅಲ್ಲಿ ನೆಲ ಮಟ್ಟಸ, ಲೋವರ್‌ನಲ್ಲಿ ಕಡಿದಾದ ಏಣಿಗಳಿವೆ. ಬೇರೆ ಕಡೆ ದಿನಾ ಬೆಳಿಗ್ಗೆ ರೇಂಜರ್ ಹತ್ತಿರ ಒಂದೇ ಪ್ರಶ್ನೆ ಕೇಳಿ, ಇವತ್ತು ಪ್ರವಾಹದ ಅಪಾಯ ಎಷ್ಟು ಅಂತ. ಹರಿಯುವ ಹಳ್ಳಕ್ಕೆ ಕಾರು ಇಳಿಸಬೇಡಿ. ಮಣ್ಣುರಸ್ತೆಗಳು ಒದ್ದೆಯಾದರೆ ಸೋಪಿನಂತಾಗುತ್ತವೆ, ಬಾಡಿಗೆ ಕಾರಾದರೆ ಮಣ್ಣುರಸ್ತೆಗೆ ಒಪ್ಪಂದದಲ್ಲಿ ಅನುಮತಿ ಇದೆಯೇ ಅಂತ ನೋಡಿ.

ಹಾವಿನ ಬಗ್ಗೆ ಕೇಳಿದ್ದಿರಿ. ರ‍್ಯಾಟಲ್‌ಸ್ನೇಕ್ ಇದೆ, ಆದರೆ ಕಾಣುವುದೇ ಅಪರೂಪ. ಕಾಣದ ಸಂದಿಗೆ ಕೈ ಹಾಕಬೇಡಿ, ಹೊರಗೆ ಬಿಟ್ಟ ಶೂ ಕೊಡವಿ ಹಾಕಿಕೊಳ್ಳಿ. ಬಿಸಿಲಿಗೆ ಹತ್ತು ಪಾಲು ಹೆದರಿದರೆ ಹಾವಿಗೆ ಅರ್ಧ ಪಾಲು ಸಾಕು.

ಮಾನ್ಯುಮೆಂಟ್ ವ್ಯಾಲಿ ನವಾಹೊ ಜನರ ನೆಲ, ರಾಷ್ಟ್ರೀಯ ಉದ್ಯಾನವಲ್ಲ. ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸ್ ಇದ್ದರೂ ಅಲ್ಲಿ ನಡೆಯುವುದಿಲ್ಲ. ಗೈಡ್ ಇಲ್ಲದೆ ನಡೆಯಲು ಬಿಡುವ ದಾರಿ ಅಂದರೆ ವೈಲ್ಡ್‌ಕ್ಯಾಟ್ ಟ್ರೇಲ್. ಮರಳಿನಲ್ಲಿ ಸುಮಾರು ಆರು ಕಿಲೋಮೀಟರ್, ಜೂನ್‌ನಲ್ಲಿ ಅಪ್ಪನಿಗೂ ಬೇಡ ಅಂತ ನನ್ನ ಸಲಹೆ. ಅದರ ಬದಲು ನವಾಹೊ ಗೈಡ್‌ನ ಗಾಡಿಯಲ್ಲಿ ಕುಳಿತು ಕಣಿವೆ ಸುತ್ತಿ. 27 ಕಿಲೋಮೀಟರ್ ಮಣ್ಣುರಸ್ತೆಯ ಕಷ್ಟ ನಿಮ್ಮ ಕಾರಿಗೂ ತಪ್ಪುತ್ತದೆ, ಅವರ ಮನೆತನದ ಕಥೆಗಳೂ ಸಿಗುತ್ತವೆ. ಅಲ್ಲಿ ಈಗಲೂ ಕುಟುಂಬಗಳು ವಾಸವಾಗಿವೆ. ಜನರ, ಮನೆಗಳ ಫೋಟೋ ತೆಗೆಯುವ ಮೊದಲು ಕೇಳಿ.

ಬುಕಿಂಗ್ ಮಾಡುವಾಗ ಗಡಿಯಾರದ ಒಂದು ತೊಡಕು ಗಮನಿಸಿ. ಬೇಸಿಗೆಯಲ್ಲಿ ಯೂಟಾ ಗಡಿಯಾರ ಫೀನಿಕ್ಸ್‌ಗಿಂತ ಒಂದು ತಾಸು ಮುಂದೆ. ಪೇಜ್ ಫೀನಿಕ್ಸ್ ಸಮಯದಲ್ಲೇ ನಡೆಯುತ್ತದೆ. ನವಾಹೊ ನೆಲ ಅರಿಜೋನಾದೊಳಗಿದ್ದರೂ ಯೂಟಾದ ಸಮಯ ಇಟ್ಟುಕೊಳ್ಳುತ್ತದೆ. ಗಡಿಯ ಹತ್ತಿರ ಫೋನ್ ಹಿಂದೆ ಮುಂದೆ ಜಿಗಿಯುತ್ತಿರುತ್ತದೆ. ಟೂರ್ ಎಷ್ಟು ಗಂಟೆಗೆ ಅಂತ ಕೇಳಿದ ಮೇಲೆ, ಯಾವ ಊರಿನ ಗಂಟೆ ಅಂತಲೂ ಕೇಳಿ ಬರೆದಿಟ್ಟುಕೊಳ್ಳಿ. ಹಿಂದೆ ಕೆಲವು ವರ್ಷಗಳಲ್ಲಿ ಆರ್ಚಸ್ ಒಳಗೆ ಹೋಗುವ ಸಮಯವನ್ನು ಮುಂಚಿತವಾಗಿ ಕಾದಿರಿಸಬೇಕಿತ್ತು. ಇಂಥ ನಿಯಮ, ಶುಲ್ಕ ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಹೊರಡುವ ವಾರ ಪ್ರತಿ ಪಾರ್ಕಿನ ವೆಬ್‌ಸೈಟ್ ಒಮ್ಮೆ ತೆರೆದು ನೋಡಿ, ಬಿಸಿಲಿಗೆ ಮುಚ್ಚಿದ ದಾರಿಗಳಿದ್ದರೆ ಅವೂ ಅಲ್ಲೇ ಇರುತ್ತವೆ.